ಗೋಡೆಯೊಳಗಿನ ದೋಣಿ

ನಮ್ಮ ಹಾಯಿದೋಣಿ ಸಂಘದ ಇತಿಹಾಸ ಬರೆದುಕೊಡಿ ಎಂದು ಸಭೆಯಲ್ಲಿ ನನಗೇ ಗಂಟುಹಾಕಿದರು. ಕಾರ್ಯದರ್ಶಿ ನಾನು, ಮೇಲಾಗಿ ನಿವೃತ್ತ ಮಾಸ್ತರ, ಬೇಡವೆನ್ನಲು ಬಾಯಿಲ್ಲ. ಐದು ವರ್ಷದ ಸಂಘದಲ್ಲಿ ದೋಣಿಗಳು ನೀರಿನಲ್ಲಿ ಇದ್ದದ್ದು ಐದು ತಿಂಗಳು. ಉಳಿದ ಕಾಲವೆಲ್ಲ ಚಂದ್ರಾಮನದು. ಆದ್ದರಿಂದ ಅವನ ಕಥೆಯನ್ನೇ ಬರೆಯುತ್ತೇನೆ. ಅಧ್ಯಕ್ಷರಿಗೆ ಸಿಟ್ಟು ಬಂದರೆ ಬರಲಿ.

ಚಂದ್ರಾಮ ಸನ್ನತಿಯ ಅಂಬಿಗ. ಸೇತುವೆ ಆದ ಮೇಲೆ ಭೀಮಾ ನದಿಯನ್ನು ದೋಣಿಯಲ್ಲಿ ದಾಟುವವರು ಕಡಿಮೆಯಾಗಿದ್ದರು. ಆದರೂ ಅಪ್ಪ ಮಾಡಿಸಿಟ್ಟ ಮತ್ತಿ ಮರದ ದೋಣಿಯಲ್ಲಿ ಆಚೆ ದಂಡೆಯ ಹೊಲದವರನ್ನು ದಾಟಿಸುತ್ತ, ಮೀನು ಹಿಡಿಯುತ್ತ ಅವನು ಸುಖವಾಗಿದ್ದ. ಅವನ ಮನೆತನದಲ್ಲಿ ಒಂದು ನೇಮವಿತ್ತು. ಯಾರ ದೋಣಿ ತೇಲುತ್ತಿದೆಯೋ ಅವರು 'ನೀರು ಇಳಿಯುತ್ತದೆ' ಎಂದು ಬಾಯಿಬಿಟ್ಟು ಹೇಳಬಾರದು. ಹೇಳಿದರೆ ಗಂಗಮ್ಮ ಮುನಿದು ಹೋಗುತ್ತಾಳೆ. ಈ ನೇಮ ನಮಗೆ ಯಾರಿಗೂ ಗೊತ್ತಿರಲಿಲ್ಲ.

ಮಹಾಪೂರ ಬಂದ ವರ್ಷ ನದಿಯ ನೀರು ಊರ ಬದಿಯ ತಗ್ಗಿಗೆ ನುಗ್ಗಿ ಚಳಿಗಾಲವಿಡೀ ಅಲ್ಲೇ ನಿಂತಿತು. ವಾಡಿಯ ಸಿಮೆಂಟ್ ಕಾರ್ಖಾನೆಯ ಎಂಜಿನಿಯರ್ ಕೌಸ್ತುಭ ಮುಂಬೈಯಲ್ಲಿದ್ದಾಗ ಹಾಯಿದೋಣಿ ನಡೆಸುವುದನ್ನು ಕಲಿತಿದ್ದ. ಆ ನೀರು ಕಂಡದ್ದೇ ಕಂಡದ್ದು, ಸಂಘ ಹುಟ್ಟಿತು. ದೋಣಿ ನಿಲ್ಲಿಸಲು ಕಟ್ಟೆ, ಶಹಾಬಾದ್ ಪರಸಿ ಕಲ್ಲಿನ ಮೆಟ್ಟಿಲು, ಸುತ್ತ ಕಲ್ಲಿನ ಗೋಡೆ, ನದಿಯ ಕಡೆಗೊಂದು ಬಾಗಿಲು ಎಂದು ನಕ್ಷೆಯಾಯಿತು. ಕೆಲಸ ಶುರುವಾಗುವ ಮೊದಲು ಕೌಸ್ತುಭ ಚಂದ್ರಾಮನನ್ನು ಕರೆದು, "ಕಾಕಾ, ಈ ನೀರು ಹಿಂಗೇ ಇರ್ತದೇನು?" ಎಂದು ಕೇಳಿದ.

ಚಂದ್ರಾಮ ತನ್ನ ದೋಣಿಯ ಕಡೆ ನೋಡಿದ. "ಗಂಗಮ್ಮ ಇರ್ತಾಳ್ರಿ," ಅಂದ.

ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರೆ. ಆ ಬಂಗಾರ ನಮಗೆ ಎಷ್ಟು ತುಟ್ಟಿಯಾಯಿತು ಎಂದು ಆಮೇಲೆ ತಿಳಿಯಿತು.

ಭಂಕೂರದ ಗಣಿಯಿಂದ ಬಂದ ಕಲ್ಲನ್ನು ತಗ್ಗಿನ ಆ ಬದಿಗೆ ಸಾಗಿಸಿದ್ದು ಚಂದ್ರಾಮನ ದೋಣಿಯೇ. ಅದು ಒಳಗಿದ್ದಾಗಲೇ ಗೋಡೆ ಎದ್ದಿತು. ಬಾಗಿಲನ್ನು ನಮ್ಮ ನಾಲ್ಕು ಪುಟ್ಟ ಫೈಬರ್ ದೋಣಿಗಳ ಅಳತೆಗೆ ಬಿಟ್ಟಿದ್ದರು. ಅವನದು ಅದರ ಎರಡರಷ್ಟು ಅಗಲ. "ಮುಂದಿನ ತಿಂಗಳು ಬಾಗಿಲಾ ಅಗಲ ಮಾಡೋಣು, ಅವಸರ ಏನದ?" ಎಂದ ಕೌಸ್ತುಭ. ಅವಸರ ಏನೆಂದು ಚಂದ್ರಾಮನೊಬ್ಬನಿಗೇ ಗೊತ್ತಿತ್ತು. ಹೇಳುವಂತಿರಲಿಲ್ಲ.

ಹೋಳಿ ಹುಣ್ಣಿಮೆಯ ಹೊತ್ತಿಗೆ ನೀರು ಹೋಗಿಬಿಟ್ಟಿತು. ನಮ್ಮ ದೋಣಿಗಳು ಕೆಸರಿನಲ್ಲಿ ಕುಳಿತವು, ಕೌಸ್ತುಭನ ಮುಖ ಅದಕ್ಕಿಂತ ಕೆಳಗೆ ಕುಳಿತಿತು. ಫೈಬರ್ ದೋಣಿಗೇನು, ಬಿಸಿಲಲ್ಲಿ ಬಿದ್ದಿರುತ್ತದೆ. ಮರದ ದೋಣಿ ಒಣಗಿದರೆ ಹಲಗೆ ಬಿರಿಯುತ್ತದೆ. ಗೋಡೆ ಒಡೆಯೋಣವೆಂದರೆ ನದಿ ದಂಡೆಯ ಕಟ್ಟಡ, ಅನುಮತಿ ಬೇಕು. ನಾನು ಏಳು ಅರ್ಜಿ ಬರೆದೆ. ಎಲ್ಲದಕ್ಕೂ 'ಪರಿಶೀಲನೆಯಲ್ಲಿದೆ' ಎಂಬ ಒಂದೇ ಉತ್ತರ.

ಅಂದಿನಿಂದ ಚಂದ್ರಾಮ ಕೊಡ ಹೊತ್ತ. ದಿನಾ ಬೆಳಿಗ್ಗೆ ನದಿಯಿಂದ ಇಪ್ಪತ್ತು ಕೊಡ, ಸಂಜೆ ಇಪ್ಪತ್ತು ಕೊಡ ನೀರು ತಂದು ದೋಣಿಯ ಮೈಗೆ ಸುರಿದು, ಗೋಣಿತಟ್ಟು ಹೊದಿಸುತ್ತಿದ್ದ. ಮಗಳು ಭಾಗ್ಯಜ್ಯೋತಿಯ ಮದುವೆ ಸೇಡಂನಲ್ಲಿ ಆಯಿತು. ಅಕ್ಷತೆ ಹಾಕಿ ಊಟ ಮಾಡದೆ ಬಸ್ ಹತ್ತಿದ. ಬೀಗರು ಇವತ್ತಿಗೂ ಆಡಿಕೊಳ್ಳುತ್ತಾರೆ. ನದಿಯ ಮನುಷ್ಯ ನದಿಯಿಂದ ನೂರು ಹೆಜ್ಜೆ ದೂರದ ಗೋಡೆಯೊಳಗೆ ಸಿಕ್ಕಿಬಿದ್ದಿದ್ದ.

"ದೊಡ್ಡ ಪೂರ ಬರೋತನಕ ಉಳಿಸಿಕೊಂಡ್ರ ಸಾಕ್ರಿ ಮಾಸ್ತರ," ಎನ್ನುತ್ತಿದ್ದ. "ಗ್ವಾಡಿ ಮ್ಯಾಲಿಂದ ತೇಲಿ ಹೋಗ್ತದ."

ಹೋದ ವೈಶಾಖದಲ್ಲಿ ಅವನಿಗೆ ಕಾಮಾಲೆಯಾಗಿ ಕಲಬುರಗಿಯ ಆಸ್ಪತ್ರೆಗೆ ಸೇರಿಸಿದರು. ಹೆಂಡತಿ ಶಿವಕಾಂತಮ್ಮನೂ ಜೊತೆಗೆ ಹೋದಳು. ಜೀಪು ಹತ್ತುವಾಗ ಚಂದ್ರಾಮ ನನ್ನ ಕೈ ಹಿಡಿದು, "ನೀರು ಮರೀಬ್ಯಾಡ್ರಿ," ಅಂದ. ಮರೆಯುವುದಿಲ್ಲ ಎಂದೆ. ಎರಡು ದಿನ ಹೊತ್ತೆ. ಮೂರನೆಯ ದಿನ ಸೊಂಟ ಹಿಡಿಯಿತು. ನಾಲ್ಕನೆಯ ದಿನ ಸೊಂಟ ಬಿಟ್ಟಿತ್ತು. ಬಿಸಿಲಿಗೆ ಹೆದರಿ ನಾನೇ ಹೋಗಲಿಲ್ಲ. ಆಳು ಹಚ್ಚಬಹುದಿತ್ತು, ಹಚ್ಚಲಿಲ್ಲ. ಹೀಗೆ ಹತ್ತು ದಿನ ಕಳೆದವು.

ಹನ್ನೆರಡನೆಯ ದಿನ ಚಂದ್ರಾಮ ಬಂದು ತಳದ ಬಿರುಕಿನಲ್ಲಿ ನಾಲ್ಕು ಬೆರಳು ಇಳಿಸಿದ. ಶಿವಕಾಂತಮ್ಮ ಅಂದಳು, "ನಾಲ್ಕು ವರ್ಷದಾಗ ಒಂದು ದಿನಾನೂ ಅವರು ತಪ್ಪಿಸಿಲ್ರಿ, ಮಾಸ್ತರ." ನನಗೆ ನಾಚಿಕೆಯಾಯಿತು. ಈಗಲೂ ಆಗುತ್ತದೆ. ಅವನು ಬಿರುಕಿಗೆ ಚಿಂದಿ ತುರುಕಿ ಡಾಂಬರು ಬಳಿದು ಮತ್ತೆ ಕೊಡ ಹೊತ್ತ.

ಈ ಸಲ ಮಳೆಗಾಲದ ಕೊನೆಗೆ ಮಹಾಪೂರ ಬಂದೇಬಿಟ್ಟಿತು. ಗೋಡೆ ಮುಳುಗಿತು. ನಮ್ಮ ನಾಲ್ಕೂ ದೋಣಿ ಬಾತುಗಳಂತೆ ಎದ್ದು ತೇಲಿದವು. ಚಂದ್ರಾಮ ಎದೆಮಟ ನೀರಿನಲ್ಲಿ ಹಗ್ಗ ಹಿಡಿದು ಕಾದ. ಮತ್ತಿ ಮರದ ದೋಣಿ ಒಂದು ಗೇಣು ಎದ್ದು, ಆ ಬಿರುಕಿನಿಂದ ನೀರು ಕುಡಿದು, ಅಲ್ಲೇ ತಳ ಸೇರಿತು.

ಪೂರ ಇಳಿದು ತಗ್ಗಿನ ನೀರು ಮತ್ತೆ ತಿಳಿಯಾದ ಮೇಲೆ ಕೌಸ್ತುಭ ಹೊಸ ನಕ್ಷೆ ತಂದ: ಇನ್ನೊಂದು ಕಟ್ಟೆ, ಇನ್ನೊಂದು ಗೋಡೆ. ಕೆಟ್ಟ ಮೇಲೂ ಬುದ್ಧಿ ಬಾರದವರು ನಾವು. ದಂಡೆಯಲ್ಲಿ ಖಾಲಿ ಕೊಡ ಇಟ್ಟುಕೊಂಡು ಕೂತಿದ್ದ ಚಂದ್ರಾಮನನ್ನು ಅವನು ಮೊದಲಿನಂತೆಯೇ ಕೇಳಿದ. "ಕಾಕಾ, ಈ ಸಲನಾದ್ರೂ ನೀರು ನಿಲ್ತದಲ್ಲ?"

"ಇಲ್ರಿ," ಅಂದ ಚಂದ್ರಾಮ. "ಹೋಳಿ ಹುಣ್ಣಿಮಿಗಿ ಎಲ್ಲಾ ಇಳೀತದ. ದೊಡ್ಡ ಪೂರ ಬಂದ ವರ್ಷ ಅಷ್ಟೇ ಇಲ್ಲಿ ನೀರು. ನಮ್ಮಪ್ಪನ ಕಾಲದಿಂದ ಹಿಂಗೇ ಅದ."

ಕೌಸ್ತುಭನ ಕೈಯಲ್ಲಿ ನಕ್ಷೆ ಹಾಗೇ ನಿಂತಿತು. "ಖರೆ ಗೊತ್ತಿದ್ರ ಅವತ್ತೇ ಯಾಕ ಹೇಳಲಿಲ್ಲ?"

ಚಂದ್ರಾಮ ನೀರಿನ ಕಡೆ ನೋಡಿದ.

"ಅವತ್ತು ನನ್ನ ದೋಣಿ ತೇಲತಿತ್ತರಿ."