ಹಾರ ಹಾಕಿಸಿಕೊಂಡ ಪೆಟ್ಟಿಗೆ

ಅಂಬಾರಾಯನಿಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ನಮ್ಮ ಪುಣೆಯ ಕನ್ನಡ ಮಂದಿ ಈಗಲೂ ಹೇಳಿಕೊಂಡು ತಿರುಗುತ್ತಾರೆ. ಹೇಳುವವರ ಬಾಯಿಗೆ ಬೀಗ ಹಾಕುವವರು ಯಾರು? ಸದಾಶಿವ ಪೇಠದ ಹತ್ತಾರು ಬಾಡಿಗೆ ಮನೆಗಳ ವಾಡೆಯಲ್ಲಿ ಅವನ ಎದುರು ಕೋಣೆಯಲ್ಲೇ ಬಾಳಿದವಳು ನಾನು. ಅವನ ಸಿಟ್ಟು ನನಗೆ ಗೊತ್ತು. ಅದು ಎಲ್ಲಿಂದ ಬಂತು ಎಂಬುದೂ ಗೊತ್ತು.

ಅವನು ಕಲಬುರಗಿ ಕಡೆಯವನು, ಪೈಪು-ನಲ್ಲಿ ಮಾರುವ ಅಂಗಡಿಯಲ್ಲಿ ಗುಮಾಸ್ತ. ತಂಗಿ ಶಾಮಲಾಳ ಮದುವೆಯನ್ನು ಇಲ್ಲೇ ಮಾಡಿ, ವಿಡಿಯೊ ತೆಗೆಸಿ, ಗಂಡನ ಮನೆಗೆ ಕಳಿಸಿದ್ದ. ಮರುವರ್ಷ ಹೆರಿಗೆಯಲ್ಲಿ ಅವಳು ಹೋದಳು. ತವರಿನವರು ರೈಲು ಇಳಿದು ಓಡುವಷ್ಟರಲ್ಲಿ ಆ ಮನೆಯವರು ಮಣ್ಣು ಮಾಡಿ ಕೈ ತೊಳೆದುಕೊಂಡಿದ್ದರು. "ಹೊತ್ತು ಮೀರತಿತ್ತರಿ" ಎಂದರಂತೆ. ಹೆತ್ತವಳಿಗೆ ಮಗಳ ಮುಖ ತೋರಿಸುವುದಕ್ಕೂ ಅವರಿಗೆ ಹೊತ್ತಿರಲಿಲ್ಲ! ಅದನ್ನು ನೆನೆದರೆ ಇವತ್ತಿಗೂ ನನಗೇ ಸಿಟ್ಟು ಉಕ್ಕುತ್ತದೆ. ಒಡಹುಟ್ಟಿದವನಿಗೆ ಹೇಗಾಗಿರಬೇಡ?

ತಾಯಿ ಕಾಶವ್ವ ಆ ಮದುವೆಯ ಸಿ.ಡಿ.ಯನ್ನು ದಿನಾ ಹಾಕಿಸಿಕೊಂಡು ನೋಡುತ್ತಿದ್ದಳು. ಆಮೇಲೆ ಅವಳ ಕಣ್ಣು ಕೆಟ್ಟವು. ಅಂಚು ಕಾಣುತ್ತದೆ, ನಟ್ಟನಡುವೆ ಕಪ್ಪು. ಎದುರಿಗೆ ಕೂತವರ ಸೆರಗು ಕಾಣುತ್ತದೆ, ಮುಖ ಕಾಣುವುದಿಲ್ಲ. ಇದು ವಾಸಿಯಾಗುವುದಿಲ್ಲ, ಉಳಿದದ್ದೂ ಹೋಗುತ್ತದೆ, ಬಹಳ ದೊಡ್ಡದಾಗಿದ್ದರೆ ಓರೆಗಣ್ಣಿಗೆ ಒಂದಿಷ್ಟು ಕಂಡೀತು ಎಂದರು ಡಾಕ್ಟರು.

"ಟೀವ್ಯಾಗ ಶಾಮೀ ಮಾರಿ ಉಗುರಿನಷ್ಟ ಅದ," ಎಂದಳು ಕಾಶವ್ವ. "ಗ್ವಾಡಿಯಷ್ಟ ದೊಡ್ಡದು ಮಾಡಿ ತೋರಸೋ, ಅಂಬೂ. ಒಮ್ಮೆ ನೋಡಿದ್ರ ಸಾಕು."

"ಮಾಡತೀನಿ ಬಿಡಬೇ!" ಎಂದು ಅವನು ಗದರಿದ. ಅವನ ಪ್ರೀತಿಯೂ ಗದರಿಕೆಯಲ್ಲೇ ಬರುತ್ತಿತ್ತು.

ಪ್ರೊಜೆಕ್ಟರ್ ಕೊಳ್ಳುವ ತಾಕತ್ತು ಅವನಿಗೆಲ್ಲಿಯದು? ಯಾವುದೋ ಕಂಪನಿಯವರು ಹೊರಹಾಕಿದ ಚಪ್ಪಟೆ ಮಾನಿಟರನ್ನು ಜುನಾ ಬಾಜಾರಿನ ಗುಜರಿಯಿಂದ ಹೊತ್ತು ತಂದ. ಹಿಂದಿನ ದೀಪ, ಹಾಳೆಗಳನ್ನೆಲ್ಲ ಕಿತ್ತು, ಚಿತ್ರ ಮೂಡುವ ಗಾಜನ್ನಷ್ಟೇ ಉಳಿಸಿಕೊಂಡ. ಅದನ್ನು ಪ್ಲೈವುಡ್ ಪೆಟ್ಟಿಗೆಯೊಳಗೆ ನಿಲ್ಲಿಸಿ, ಹಿಂದೆ ಕಣ್ಣು ಕುಕ್ಕುವ ದೀಪ, ಮುಂದೆ ದೊಡ್ಡ ಮಸೂರ ಇಟ್ಟ. ಬೆಳಕು ಗಾಜನ್ನು ತೂರಿಕೊಂಡು ಚಿತ್ರವನ್ನು ಗೋಡೆಗೆ ಒಯ್ಯಬೇಕು. ಮೊದಲ ಗಾಜು ಬಿಚ್ಚುವಾಗಲೇ ಬಿರಿಯಿತು. ವಾಡೆಗೆಲ್ಲ ಕೇಳುವಂತೆ ತನ್ನನ್ನೇ ಬೈದುಕೊಂಡ. ಇನ್ನೊಂದನ್ನು ಹುಡುಕಿ ತಂದರೆ ಚಿತ್ರ ತಲೆಕೆಳಗಾಗಿ ಬಂತು. ಆಗ ಗೋಡೆಯನ್ನು ಬೈದ. ಗಾಜು ತಿರುಗಿಸಿದ ಮೇಲೆ ಎಲ್ಲ ನೆಟ್ಟಗಾಯಿತು.

"ವೈನಿ, ಇಲ್ಲಿ ನೋಡ್ರಿ," ಎಂದು ನನ್ನನ್ನು ಕರೆದು ಪೆಟ್ಟಿಗೆಯ ಬೆನ್ನಿಗೆ ಕೊರೆದ ತೂತು, ಅದರೊಳಗಿನ ಫ್ಯಾನು ತೋರಿಸಿದ. "ಗಾಜಿನ ಜೀವ ಇದರಾಗ ಅದ. ಗಾಳಿ ನಿಂತ್ರ ದೀಪದ ಝಳಕ್ಕ ಸುಟ್ಟೇ ಹೋಗತದ."

ಗೋಡೆ ದೂರವಿದ್ದಷ್ಟೂ ಚಿತ್ರ ದೊಡ್ಡದು. ಅವನ ಇಕ್ಕಟ್ಟು ಕೋಣೆಯಲ್ಲಿ ಅದು ಕಿಟಕಿಯಷ್ಟೇ ಬಂತು. ಹಾಗಾಗಿ ನಮ್ಮ ಕನ್ನಡ ಸಂಘದ ಹಾಲ್ ಕೇಳಿದ. ಅಧ್ಯಕ್ಷರು ಬಟ್ಟೆ ವ್ಯಾಪಾರಿ ಭೀಮಣ್ಣನವರು. ಒಪ್ಪಿದರು, ಆದರೆ ಖಂಡೇನವಮಿಯ ದಿನ ಪೂಜೆ ಮಾಡಿಯೇ ಶುರು ಮಾಡಬೇಕು, ಮೊದಲು ತಮ್ಮ ಅರವತ್ತರ ಸನ್ಮಾನದ ಸಿ.ಡಿ. ಹಾಕಬೇಕು ಎಂದರು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ!

ಖಂಡೇನವಮಿಗೆ ನಮ್ಮವರು ತಕ್ಕಡಿ, ಕತ್ತರಿ, ಸ್ಕೂಟರ್ ಎಲ್ಲಕ್ಕೂ ವಿಭೂತಿ ಬಳಿದು ಹಾರ ಹಾಕುತ್ತಾರೆ. ಭೀಮಣ್ಣನವರು ತೋಳು ಗಾತ್ರದ ಚೆಂಡುಹೂವಿನ ಹಾರ ತಂದು ಪೆಟ್ಟಿಗೆಗೆ ಸುತ್ತಿ, ತುದಿಯನ್ನು ಬೆನ್ನಿಗೆ ಇಳಿಬಿಟ್ಟರು. ಅಂಬಾರಾಯ ಸರಕ್ಕನೆ ಅದನ್ನು ಎಳೆದ.

"ಏ! ಹಬ್ಬದ ದಿನ ಪೂಜಿ ಹಾರ ತಗೀತಿಯೇನು? ದೇವರ ಮ್ಯಾಲೂ ನಿನ್ನ ಸಿಟ್ಟೇನು?" ಎಂದು ಭೀಮಣ್ಣನವರು ಗುಡುಗಿದರು.

"ಗಾಳಿ ಆಡಬೇಕ್ರಿ, ಇಲ್ಲಂದ್ರ..."

ಹಿರಿಯರೆಲ್ಲ ಅವನ ಮೇಲೆ ಮುಗಿಬಿದ್ದರು. ಗೋಡೆಗೆ ಹತ್ತಿರ ಕೂತಿದ್ದ ಕಾಶವ್ವ, "ಇರಲಿ ಬಿಡಪ್ಪ, ಹಬ್ಬದ ದಿನ ಜಗಳ ಬ್ಯಾಡ," ಎಂದಳು. ತಾಯಿಯ ಮಾತು ಮೀರದೆ ಅವನು ಹಾರವನ್ನು ಪೆಟ್ಟಿಗೆಯ ಮೇಲಕ್ಕೆ ಸರಿಸಿ, ತೂತು ತೆರವು ಮಾಡಿದ.

ಮೊದಲು ಸನ್ಮಾನದ ಸಿ.ಡಿ. ಹಾಕಿದ. ಗೋಡೆ ತುಂಬ ಶಾಲು, ಪೇಟ, ಭೀಮಣ್ಣನವರ ನಗು. "ನನ್ನ ಮಾರಿ ಮಸಕ ಆಗ್ಯದ, ಸರಿ ಮಾಡೋ," ಎಂದು ಅವರು ಕೂಗಿದಾಗ ಅಂಬಾರಾಯ ಪೆಟ್ಟಿಗೆಯ ಮುಂದೆ ಬಂದು ಮಸೂರ ತಿರುಗಿಸುತ್ತ ಕೂತ. ಒಂದು ಮುಖ ಮಸುಕು ಕಂಡರೆ ಇವರಿಗೆ ಇಷ್ಟು ಸಂಕಟ!

ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ಬಂತು. ಚಿತ್ರದ ನಡುವೆ ಕಪ್ಪು ಮೂಡಿ ಸುತ್ತಲೂ ಹರಡಿತು. ಅಂಬಾರಾಯ ಹಿಂದಕ್ಕೆ ಓಡಿ ನೋಡಿದರೆ ತೂತು ಹಾರದ ಕೆಳಗೆ ಮುಚ್ಚಿಹೋಗಿತ್ತು. ಫ್ಯಾನಿನ ತುಂಬ ಹೂವಿನ ಎಸಳು. ದೀಪ ಆರಿಸಿದ. ಗಾಜು ತಣ್ಣಗಾದರೆ ಕಲೆ ಹೋದೀತೆಂದು ಕಾದ. ಹೋಗಲಿಲ್ಲ.

"ಹಾರ ಓರಿ ಆಗಿತ್ತು, ನಾನ ನೆಟ್ಟಗ ಮಾಡಿದ್ದೆ," ಎಂದರು ಭೀಮಣ್ಣನವರು. "ಆತು ಬಿಡ್ರಿ, ಮಷಿನ್ ಅಲ್ಲೇನು? ಇನ್ನೊಂದು ಮಾಡತಾನ."

ಮುಂಗೋಪಿ ಎನ್ನಿಸಿಕೊಂಡವನು ಫ್ಯಾನಿನಿಂದ ಒಂದೊಂದೇ ಎಸಳು ಆರಿಸುತ್ತ ಕೂತ. ನನಗೆ ಮಾತ್ರ ತಡೆಯಲಾಗಲಿಲ್ಲ. ಹಾರ ಕಿತ್ತು ಅವರ ಕಾಲ ಬುಡಕ್ಕೆ ಎಸೆದೆ. "ಇನ್ನೊಂದು ಮಷಿನ್ ಬರತದರಿ! ಆ ಮುದುಕಿಗೆ ಇನ್ನೊಂದು ಜೋಡಿ ಕಣ್ಣು ನೀವು ತರತೀರೇನು?" ಎಂದೆ.

"ಸುಟ್ಟಿದ್ದ ಇರಲಿ. ಶಾಮೀದು ಹಾಕು," ಎಂದಳು ಕಾಶವ್ವ.

ಅಂಬಾರಾಯ ಹಾಕಿದ. ಗೋಡೆಯಂಚಿನಲ್ಲಿ ಹಂದರದ ಮಾವಿನೆಲೆ, ಕೆಳಗೆ ಸೀರೆಯ ನೆರಿಗೆ, ಹಸಿರು ಬಳೆಯ ಒಂದು ಕೈ. ಮುಖವಿರಬೇಕಾದಲ್ಲಿ ಕಪ್ಪು.

"ಬಂದಳೇನೋ?"

"ಬಂದಾಳವ್ವ. ಮಾರಿ ಕಾಣವಲ್ಲದು." ಅವನು ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ಎಲ್ಲಾರಿಗೂ ಹಂಗ ಕಾಣಸ್ತದೇನು?" ಕಾಶವ್ವ ಮಂದಿಯ ಕಡೆ ತಿರುಗಿದಳು. "ನನಗ ದಿನಾ ಹಿಂಗ ನೋಡ್ರಿ."

ಎದ್ದು ಗೋಡೆ ತಡವುತ್ತ ಹೋಗಿ, ಓರೆಯಾಗಿ ನೋಡಿ, ಆ ಬಳೆಗಳ ಮೇಲೆ ಅಂಗೈ ಇಟ್ಟಳು. "ಇವು ನಾನ ಇಡಿಸಿದ್ದು," ಎಂದಳು.

ಅಂಬಾರಾಯ ಇನ್ನೊಂದು ಗಾಜು ಹುಡುಕಿ ಪೆಟ್ಟಿಗೆ ಸರಿ ಮಾಡಿದ. ಅಷ್ಟರಲ್ಲಿ ಕಾಶವ್ವನಿಗೆ ಅಂಚೂ ಕಾಣದಾಗಿತ್ತು. ಹಾರ ಹಾಕಿದವರು ಇವತ್ತಿಗೂ ಸಂಘದ ಅಧ್ಯಕ್ಷರೇ. ಅಂಬಾರಾಯನಿಗೆ ಭಾಳ ಸಿಟ್ಟು ಎಂದು ಮೊದಲು ಹೇಳುವವರೂ ಅವರೇ.