ನಾಲ್ಕು ಗಂಟೆ ಕಾಲ ಬಗ್ಗಬಾರದು

ಕಣ್ಣಿನ ಪಕ್ಕದ ಸುಕ್ಕಿಗೆ ಇಂಜೆಕ್ಷನ್ ಹಾಕಿಸಿಕೊಳ್ಳಬೇಕು ಎಂದು ನಾನು ತೀರ್ಮಾನಿಸಿದ್ದು ಅಮ್ಮತ್ತಿಯ ಒಂದು ಮದುವೆಯಲ್ಲಿ, ಊಟಕ್ಕೆ ಸ್ವಲ್ಪ ಮೊದಲು.

ನಮ್ಮವರ ಮದುವೆಗಳಲ್ಲಿ ಮದುಮಕ್ಕಳು ಹಿರಿಯರ ಕಾಲು ಹಿಡಿಯುವ ಕ್ರಮ ಇದೆ. ಹಿರಿಯರು ಸಾಲಾಗಿ ನಿಲ್ಲುತ್ತಾರೆ. ಮದುಮಕ್ಕಳು ಎಲ್ಲರಿಗಿಂತ ದೊಡ್ಡವರಿಂದ ಶುರುಮಾಡಿ ಒಬ್ಬೊಬ್ಬರ ಕಾಲನ್ನೂ ಮೂರು ಮೂರು ಸಲ ಮುಟ್ಟಿ ಹಣೆಗೊತ್ತಿಕೊಳ್ಳುತ್ತಾರೆ. ಯಾರು ಯಾರಿಗಿಂತ ದೊಡ್ಡವರು ಎನ್ನುವುದರಲ್ಲಿ ನಮ್ಮಲ್ಲಿ ಸಾಮಾನ್ಯವಾಗಿ ತಪ್ಪಾಗುವುದಿಲ್ಲ. ಆರು ತಿಂಗಳ ಅಂತರವಿದ್ದರೂ ಎಲ್ಲರಿಗೂ ಗೊತ್ತಿರುತ್ತದೆ.

ಆ ದಿನ ನಮ್ಮ ಕಡೆಯ ಹೆಂಗಸರಲ್ಲಿ ಹಿರಿಯರೆಂದು ನಿಂತವರು ನಾನು ಮತ್ತು ನನ್ನ ಅಕ್ಕ. ಅಕ್ಕನಿಗೆ ಐವತ್ತೆಂಟು, ನನಗೆ ಐವತ್ತೈದು. ಮದುಮಗ ದೂರದ ಸಂಬಂಧಿ. ಅಪ್ಪ ಮಿಲಿಟರಿಯಲ್ಲಿದ್ದುದರಿಂದ ಊರೂರು ಸುತ್ತಿ ಬೆಳೆದವನು, ನಮ್ಮಿಬ್ಬರನ್ನೂ ಮೊದಲ ಸಲ ನೋಡುತ್ತಿದ್ದ. ಅವನು ಅಕ್ಕನ ಮುಖ ನೋಡಿದ, ನನ್ನ ಮುಖ ನೋಡಿದ, ಒಂದು ಕ್ಷಣ ಯೋಚಿಸಿದ. ನಂತರ ಬಗ್ಗಿ ನನ್ನ ಕಾಲು ಹಿಡಿದ. ಅವನ ಹಿಂದೆ ಮದುಮಗಳೂ ಹಿಡಿದಳು.

ಅಕ್ಕ ತಿದ್ದುತ್ತಾಳೆ ಎಂದು ಕಾದೆ. ಅವಳು ತಿದ್ದಲಿಲ್ಲ. ನಕ್ಕಳು. ನಗುತ್ತಲೇ ಒಂದು ಹೆಜ್ಜೆ ಹಿಂದೆ ಸರಿದು ನಿಂತು, ತನ್ನ ಸರದಿಗೆ ಕಾದಳು.

ನಾನು ಮದುಮಕ್ಕಳಿಗೆ ನೂರು ವರ್ಷ ಬಾಳಿ ಎಂದು ಹರಸಿದೆ. ಹರಸುವಾಗ ನನ್ನ ದನಿ ಹೇಗಿತ್ತೋ, ಹುಡುಗಿ ಸ್ವಲ್ಪ ಹೆದರಿದ ಹಾಗೆ ಕಂಡಿತು.

ಅಕ್ಕ ಕುಶಾಲನಗರದ ವ್ಯಾಪಾರದ ಮನೆಗೆ ಸೇರಿದವಳು. ಮೂವತ್ತು ವರ್ಷ ಅಂಗಡಿಯ ನೆರಳಿನಲ್ಲಿ, ಫ್ಯಾನಿನ ಕೆಳಗೆ ಕುಳಿತಿದ್ದಾಳೆ. ನನ್ನದು ಸುಂಟಿಕೊಪ್ಪದ ಹತ್ತಿರದ ಸಣ್ಣ ಎಸ್ಟೇಟು. ಲೆಕ್ಕ ಬರೆದು ಕೆಲಸದವರನ್ನು ನೋಡಿಕೊಳ್ಳುವ ರೈಟರ್ ಇಡುವಷ್ಟು ದೊಡ್ಡದಲ್ಲ, ಹಾಗಾಗಿ ರೈಟರ್ ಕೆಲಸವೂ ನನ್ನದೇ. ಕರಿಮೆಣಸಿನ ಪಿಕಿಂಗ್ ಸಮಯದಲ್ಲಿ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರಗಳಿಗೆ ಏಣಿ ಒರಗಿಸಿ ಹತ್ತಿದವರನ್ನು ದಿನವಿಡೀ ಕತ್ತೆತ್ತಿ, ಬಿಸಿಲಿಗೆ ಕಣ್ಣು ಕಿರಿದು ಮಾಡಿ ನೋಡುತ್ತಾ ನಿಲ್ಲಬೇಕು. ಅದಲ್ಲದಿದ್ದರೆ ಕಾಫಿ ಒಣಗಿಸುವ ಸಿಮೆಂಟಿನ ಕಣ. ಅಲ್ಲಿ ಬಿಸಿಲು ಮೇಲಿನಿಂದಲೂ ಬರುತ್ತದೆ, ಕೆಳಗಿನಿಂದಲೂ ಬರುತ್ತದೆ. ಕಪ್ಪು ಕನ್ನಡಕ ಹಾಕು ಎಂದು ಗಂಡ ಮದುವೆಯಾದಾಗಿನಿಂದ ಹೇಳುತ್ತಿದ್ದರು. ಕೆಲಸದವರ ಮುಂದೆ ಸಿನಿಮಾದವಳ ಹಾಗೆ ನಿಲ್ಲುವುದು ಹೇಗೆ ಎಂದು ನಾನು ಹಾಕಲಿಲ್ಲ. ಹೀಗಾಗಿ ನನ್ನ ಎರಡೂ ಕಣ್ಣಂಚಿನಲ್ಲಿ ಕೋಳಿ ಕೆದರಿದ ಹಾಗೆ ಗೆರೆಗಳು.

ಮದುವೆಯಿಂದ ಬಂದ ಮೇಲೆ ಅಕ್ಕ ಎರಡು ಸಲ ಫೋನ್ ಮಾಡಿದಳು. ನಾನು ತೆಗೆಯಲಿಲ್ಲ. ಮೂರನೇ ಸಲ ಅವಳು ಮಾಡಲಿಲ್ಲ. ಹಾಗೆ ಎಂಟು ತಿಂಗಳು ಕಳೆಯಿತು. ನಮಗೆ ಅಣ್ಣ ತಮ್ಮಂದಿರಿಲ್ಲ, ಅಪ್ಪ ಅವ್ವ ಇಬ್ಬರೂ ಹೋಗಿಯಾಗಿದೆ. ನನ್ನ ತವರು ಅಂದರೆ ಅವಳೊಬ್ಬಳೇ. ಅವಳನ್ನು ಬಿಟ್ಟು ನನಗೆ ಚೆನ್ನಾಗಿತ್ತು ಎಂದರೆ ಸುಳ್ಳಾಗುತ್ತದೆ. ನಾವು ದಿನಾ ಮಾತಾಡುತ್ತಿದ್ದ ಸಂಜೆ ಆರು ಗಂಟೆಯಾದರೆ ಕೈ ತಾನಾಗಿ ಫೋನಿನ ಕಡೆ ಹೋಗುತ್ತಿತ್ತು. ನಾನು ಅದನ್ನು ಹಿಂದಕ್ಕೆ ಕರೆದುಕೊಳ್ಳುತ್ತಿದ್ದೆ.

ಆಮೇಲೆ ಒಂದು ದಿನ ಅವಳ ಹೊಸ ಮನೆಯ ಗೃಹಪ್ರವೇಶದ ಕಾಗದ ಬಂತು. ಅಚ್ಚು ಹಾಕಿಸಿದ ಅಕ್ಷರಗಳ ಕೆಳಗೆ ಪೆನ್ನಿನಲ್ಲಿ ನಮ್ಮ ಅರೆಭಾಷೆಯಲ್ಲಿ ಎರಡೇ ಶಬ್ದ ಬರೆದಿದ್ದಳು: ‘ನೀನ್ ಬರೊಕು.’ ನೀನು ಬರಬೇಕು.

ಹೋಗಬೇಕು, ಕಾಲು ಹಿಡಿದು ಸರಿಮಾಡಿಕೊಳ್ಳಬೇಕು ಎಂದು ಆ ಕ್ಷಣವೇ ಅನಿಸಿತು. ಆದರೆ ಅವಳ ಪಕ್ಕ ಮತ್ತೊಮ್ಮೆ ಆ ಮುಖ ಹೊತ್ತು ನಿಲ್ಲುವುದು ನನ್ನಿಂದ ಆಗುವ ಕೆಲಸವಾಗಿರಲಿಲ್ಲ. ಕುಶಾಲನಗರದಲ್ಲಿ ಒಂದು ಚರ್ಮದ ಕ್ಲಿನಿಕ್ ಇತ್ತು. ಮೈಸೂರಿನ ಡಾಕ್ಟರು ಎರಡು ವಾರಕ್ಕೊಮ್ಮೆ, ಭಾನುವಾರ ಬೆಳಿಗ್ಗೆ ಬರುತ್ತಿದ್ದರು. ಗೃಹಪ್ರವೇಶವೂ ಭಾನುವಾರ, ಹನ್ನೆರಡರ ಮೇಲೆ ಊಟ. ಬ್ಯೂಟಿ ಪಾರ್ಲರಿನಲ್ಲಿ ಫೇಶಿಯಲ್ ಮಾಡಿಸಿಕೊಂಡು ಹೆಂಗಸರು ನೇರವಾಗಿ ಮದುವೆಗೆ ಬರುವುದನ್ನು ನೋಡಿದ್ದೆ. ಇಂಜೆಕ್ಷನ್ ಫೇಶಿಯಲ್‌ಗಿಂತ ಜೋರು, ಆದ್ದರಿಂದ ಇನ್ನೂ ಬೇಗ ಹಿಡಿಯುತ್ತದೆ ಎಂದು ನಾನೇ ತಿಳಿದುಕೊಂಡೆ. ಯಾರನ್ನೂ ಕೇಳಲಿಲ್ಲ. ಅದೇ ದಿನ ಬೆಳಿಗ್ಗೆಗೆ ಹೆಸರು ಬರೆಸಿದೆ.

ಗಂಡನಿಗೆ ಕಣ್ಣು ತೋರಿಸಬೇಕು ಎಂದೆ. ಅವರು ಸಂತೋಷದಿಂದ ಜೀಪು ತೆಗೆದರು.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು, ಮೃದುವಾಗಿ ಮಾತಾಡುವವರು. ಗೆರೆಗಳು ಎಲ್ಲಿ ಬೀಳುತ್ತವೆ ಎಂದು ನೋಡಬೇಕಂತೆ. ‘ಸ್ವಲ್ಪ ನಗಿ ಮೇಡಂ’ ಎಂದರು. ನಾನು ಹೇಳಿದ ಕೂಡಲೇ ನಗುವವಳಲ್ಲ. ‘ಏನಾದ್ರೂ ನಗು ಬರೋ ವಿಷಯ ನೆನಪು ಮಾಡ್ಕೊಳಿ’ ಎಂದರು. ನೆನಪಿಗೆ ಬಂದದ್ದು ಅಮ್ಮತ್ತಿಯ ಮದುವೆ. ಡಾಕ್ಟರು ಪೆನ್ನು ಹಿಡಿದು ಕಾದೇ ಕಾದರು. ಕೊನೆಗೆ ಮೇಲಿನ ಟ್ಯೂಬ್‌ಲೈಟಿನ ಹತ್ತಿರ ಯಾರೋ ಮೆಣಸು ಕೊಯ್ಯುತ್ತಿದ್ದಾರೆ ಎಂದುಕೊಂಡು ನೋಡಿದೆ. ಗೆರೆಗಳೆಲ್ಲ ಒಟ್ಟಿಗೆ ಬಂದವು.

ಕಣ್ಣಂಚಿಗೆ ಆ ಕಡೆ ಮೂರು, ಈ ಕಡೆ ಮೂರು ಚುಚ್ಚಿದರು. ಕಾಫಿ ಕೊಯ್ಯುವಾಗ ಚಗಳಿ ಇರುವೆ ಕಚ್ಚುವುದು ಇದಕ್ಕಿಂತ ಜೋರು. ಹತ್ತು ನಿಮಿಷದಲ್ಲಿ ಮುಗಿಯಿತು. ಗಡಿಯಾರದಲ್ಲಿ ಹನ್ನೊಂದು ಗಂಟೆ.

ಹೊರಗೆ ನರ್ಸ್ ಕನ್ನಡಿ ಕೊಟ್ಟಳು. ನೋಡಿದೆ. ಗೆರೆಗಳು ಹಾಗೆಯೇ ಇದ್ದವು. ಜೊತೆಗೆ ಆರು ಗುಳ್ಳೆಗಳು ಬಂದಿದ್ದವು.

‘ರಿಸಲ್ಟ್ ಕಾಣಕ್ಕೆ ಒಂದ್ ವಾರ, ಹತ್ತ್ ದಿನ ಆಗ್ತದೆ ಮೇಡಂ’ ಎಂದಳು ನರ್ಸ್. ‘ಗುಳ್ಳೆ ಸಂಜೆಗೆ ಇಳೀತದೆ. ಇನ್ನು ನಾಕು ಗಂಟೆ ಹೊತ್ತು, ಮೂರರ ತನಕ ಉಜ್ಜಂಗಿಲ್ಲ, ಮಲಗಂಗಿಲ್ಲ, ತಲೆ ಬಗ್ಗಿಸಂಗಿಲ್ಲ. ಬಗ್ಗಿದ್ರೆ ಮದ್ದು ಬೇರೆ ಕಡೆ ಹೋಗ್ತದೆ.’

‘ಬೇರೆ ಕಡೆ ಅಂದ್ರೆ?’

‘ರೆಪ್ಪೆ ಜೋತು ಬೀಳ್ಬಹುದು.’

ನಾನು ಸ್ವಲ್ಪ ಹೊತ್ತು ಯೋಚಿಸಿದೆ. ‘ಕಾಲು ಹಿಡಿಬಹುದಾ?’ ಎಂದು ಕೇಳಿದೆ.

‘ಯಾರ್ದು?’ ಎಂದಳು. ಅವಳು ಊರಿಗೆ ಹೊಸಬಳು.

ಅಕ್ಕನ ಹೊಸ ಮನೆಯ ಜಗಲಿಗೆ ಚಪ್ಪಲಿ ಬಿಟ್ಟು ಹತ್ತಬೇಕಿತ್ತು. ನಾನು ಆ ದಿನ ಬಕಲ್ ಇರುವ ಚಪ್ಪಲಿ ಹಾಕಿದ್ದೆ. ಬಗ್ಗದೆ ಬಿಚ್ಚಲು ಸಾಧ್ಯವಿರಲಿಲ್ಲ. ಕಾಲನ್ನೇ ಹಿಂದಕ್ಕೆ ಮಡಚಿ ನೋಡಿದೆ, ವಾಲಿದೆ. ಕಣ್ಣಿನ ಡಾಕ್ಟರು ಬಗ್ಗಬಾರದು ಅಂದಿದ್ದಾರೆ ಎಂದು ಗಂಡನಿಗೆ ಹೇಳಿದೆ. ಪಾಪದ ಮನುಷ್ಯ, ಮಂಡಿಯೂರಿ ಕುಳಿತು ನನ್ನ ಬಕಲ್ ಬಿಚ್ಚತೊಡಗಿದರು. ಮೊದಲು ಎಡಗಾಲು, ಆಮೇಲೆ ಬಲಗಾಲು. ಅದೇ ಹೊತ್ತಿಗೆ ಅಕ್ಕ ಬಾಗಿಲಿಗೆ ಬಂದಳು. ಅವಳ ಹಿಂದೆ ಅವಳ ಗಂಡನ ಮನೆಯವರು ಹತ್ತು ಹನ್ನೆರಡು ಜನ.

ಎಂಟು ತಿಂಗಳ ಮೇಲೆ ಅಕ್ಕ ನನ್ನನ್ನು ನೋಡಿದ್ದು ಹೀಗೆ: ಅವಳ ಹೊಸ ಮನೆಯ ಮುಂದೆ ನಾನು ನೆಟ್ಟಗೆ ನಿಂತಿದ್ದೇನೆ, ನನ್ನ ಗಂಡ ನನ್ನ ಕಾಲು ಹಿಡಿದಿದ್ದಾರೆ.

ಗಂಡ ಎದ್ದು, ಕೈ ಒರೆಸಿಕೊಂಡು, ಕ್ರಮದ ಪ್ರಕಾರ ಅಕ್ಕನ ಕಾಲನ್ನೂ ಮೂರು ಸಲ ಮುಟ್ಟಿದರು. ಆಮೇಲೆ ಎಲ್ಲರೂ ನನ್ನನ್ನು ನೋಡಿದರು. ಅಕ್ಕ ಸೆರಗು ಸರಿಮಾಡಿಕೊಂಡು, ಕಾಲು ಜೋಡಿಸಿ ನಿಂತಳು. ನಾನು ಕೈ ಮುಗಿದೆ. ಬ್ಯಾಂಕಿನ ಮ್ಯಾನೇಜರಿಗೆ ಮುಗಿಯುವ ಹಾಗೆ, ಎದೆಯ ಮಟ್ಟದಲ್ಲಿ.

ಅಕ್ಕನ ಮುಖ ಬಣ್ಣ ಕಳೆದುಕೊಂಡಿತು. ‘ಒಳಗೆ ಬನ್ನಿ’ ಎಂದು ನನಗೊಬ್ಬಳಿಗೇ ಹೇಳಿದಳು. ನಾನು ಹುಟ್ಟಿದಾಗಿನಿಂದ ಅವಳು ನನ್ನನ್ನು ಬಹುವಚನದಲ್ಲಿ ಕರೆದದ್ದು ಅದೇ ಮೊದಲು.

ಊಟವನ್ನೂ ತಲೆ ಬಗ್ಗಿಸದೆ ಮಾಡಿದೆ. ಎಲೆ ಕಾಣುತ್ತಿರಲಿಲ್ಲ. ಕೈಗೆ ಸಿಕ್ಕಿದ್ದನ್ನು ಬಾಯಿಗೆ ತಂದೆ. ಉಪ್ಪಿನಕಾಯಿ ಎರಡು ಸಲ ಬಂತು. ಪಕ್ಕದವರು ಕುತ್ತಿಗೆ ಹಿಡಿದುಕೊಂಡಿದೆಯಾ ಎಂದು ಕೇಳಿದರು, ಹೌದು ಎಂದೆ. ಅಕ್ಕ ಬಡಿಸುತ್ತಾ ನಮ್ಮ ಸಾಲಿಗೆ ಬಂದಾಗ ನನ್ನ ಎಲೆಗೆ ಪಾಯಸ ಹಾಕಿ ಮುಂದೆ ಹೋದಳು. ಇನ್ನಷ್ಟು ಬೇಕಾ ಎಂದು ಕೇಳಲಿಲ್ಲ. ಅವಳು ಕೇಳದೆ ಹೋದದ್ದಕ್ಕೆ ನನಗೆ ಅಳು ಬಂತು. ಒರೆಸಿಕೊಳ್ಳುವ ಹಾಗಿರಲಿಲ್ಲ, ಉಜ್ಜಬಾರದು ಎಂದಿದ್ದರು. ಹಾಗೇ ಬಿಟ್ಟೆ.

ಎರಡೂವರೆಯ ಹೊತ್ತಿಗೆ ಜನ ಕರಗಿದರು. ಅಕ್ಕ ಹಿಂದಿನ ಕೋಣೆಯಲ್ಲಿ ಮಂಚದ ಮೇಲೆ ಕಾಲು ಚಾಚಿ ಒಬ್ಬಳೇ ಕುಳಿತಿದ್ದಳು. ನಾನು ಬಾಗಿಲು ಹಾಕಿ ಎದುರಿನ ಕುರ್ಚಿಯಲ್ಲಿ ಕುಳಿತೆ, ನೆಟ್ಟಗೆ.

‘ಅಷ್ಟ್ ಸಿಟ್ಟ್ ಇದ್ದರೆ ಬರೊದೇ ಬೊತ್ತಿತ್ತ್’ ಎಂದಳು. ಬರುವುದೇ ಬೇಡವಿತ್ತು ಎಂದು.

ನಾನು ಎಲ್ಲವನ್ನೂ ಹೇಳಿದೆ. ಅಮ್ಮತ್ತಿಯ ಹುಡುಗ, ಅವಳ ನಗು, ಕ್ಲಿನಿಕ್, ಫೇಶಿಯಲ್ ಎಂದುಕೊಂಡದ್ದು, ನಾಲ್ಕು ಗಂಟೆ. ಅಕ್ಕ ಕನ್ನಡಕ ಹುಡುಕಿ ಹಾಕಿಕೊಂಡು ಹತ್ತಿರ ಬಂದು ನನ್ನ ಗುಳ್ಳೆಗಳನ್ನು ನೋಡಿದಳು. ಒಂದೊಂದಾಗಿ ಆರನ್ನೂ ನೋಡಿದಳು.

‘ನೋವಾತಾ?’ ಎಂದಳು.

‘ಇಲ್ಲೆ.’

ಅವಳು ಮತ್ತೆ ಮಂಚಕ್ಕೆ ಹೋಗಿ ಕುಳಿತಳು. ಆಮೇಲೆ ಗೋಡೆ ನೋಡುತ್ತಾ ಮಾತಾಡಿದಳು.

‘ನಾನ್ ನಿನ್ನ ನೋಡಿ ನಗಾಡ್ದು ಅಲ್ಲ. ಆ ಸಾಲಲ್ಲಿ ಮೊದ್ಲು ಅವ್ವ ಇತ್ತ್. ಅವ್ವ ಹೋತ್. ಮತ್ತೆ ದೊಡ್ಡವ್ವ ಮೊದ್ಲು ನಿಂತತ್, ಮೂರು ವರ್ಷಲಿ ಅದೂ ಹೋತ್. ಈಗ ಎಲ್ಲಿ ಹೋದರೂ ಮೊದ್ಲು ನಾನ್. ಒಬ್ಬೊಬ್ಬ ಬಂದ್ ಕಾಲ್ ಹಿಡಿಯುವಾಗ ನಂಗೆ ಹೆದರಿಕೆ ಆದೆ. ಮುಂದಿನದ್ ನನ್ನ ಸರದಿ ಅಂತ ಎಲ್ಲವೂ ಬಂದ್ ಹೇಳಿ ಹೋದ ಹಂಗೆ. ಆ ದಿನ ಆ ಹೈದ ನಿನ್ನ ಕಾಲ್ ಮೊದ್ಲು ಹಿಡ್ತ್ ನೋಡ್, ನಂಗೆ ಒಮ್ಮೆ ಉಸ್ರು ಬಂದ ಹಂಗಾತ್. ಅದ್ಕೆ ನಗು ಬಾತ್.’

ಹೇಳಿ ಮುಗಿಸಿ ಅವಳು ಮಂಚದ ಹೊಸ ಹೊದಿಕೆಯ ಸುಕ್ಕು ಸರಿಮಾಡಿದಳು. ನಾನು ಎಂಟು ತಿಂಗಳು ಸಂಜೆ ಆರು ಗಂಟೆಗೆ ಫೋನ್ ಮಾಡದೆ ಕುಳಿತಿದ್ದೆ. ಆ ಎಂಟು ತಿಂಗಳೂ ಇವಳು ಇದನ್ನು ಒಬ್ಬಳೇ ಇಟ್ಟುಕೊಂಡಿದ್ದಳು. ನನಗೆ ನನ್ನ ಮೇಲೆ ಕೆಟ್ಟ ಸಿಟ್ಟು ಬಂತು.

ಗೋಡೆಯ ಗಡಿಯಾರದಲ್ಲಿ ಎರಡು ಐವತ್ತಮೂರು. ಇನ್ನೂ ಏಳು ನಿಮಿಷ ಇತ್ತು. ಎದ್ದು ಹೋಗಿ, ಬಗ್ಗಿ, ಅವಳ ಕಾಲು ಹಿಡಿದೆ.

‘ಗಂಟೆ ಆತ್‌ಲೆ, ಬೊತ್ತು’, ಹೊತ್ತಾಗಿಲ್ಲ, ಬೇಡ ಎಂದು ಅವಳು ಕಾಲು ಎಳೆದುಕೊಳ್ಳಲು ನೋಡಿದಳು. ನಾನು ಬಿಡಲಿಲ್ಲ. ಮೂರು ಸಲ ಮುಟ್ಟಿ, ಮೂರು ಸಲ ಹಣೆಗೊತ್ತಿದೆ. ಆಮೇಲೂ ತಲೆಯನ್ನು ಅಲ್ಲೇ ಇಟ್ಟಿದ್ದೆ. ಅಕ್ಕ ನನ್ನ ಬೆನ್ನಿನ ಮೇಲೆ ಕೈ ಇಟ್ಟಳು.

ಹತ್ತು ದಿನದಲ್ಲಿ ಗೆರೆಗಳು ಹೋದವು. ಎಡಗಣ್ಣಿನ ಪಕ್ಕದ ಎರಡು ಮಾತ್ರ ಉಳಿದವು. ಒಬ್ಬೊಬ್ಬರಿಗೆ ಹೀಗಾಗುತ್ತದೆ, ಬಗ್ಗಿದ್ದಕ್ಕಲ್ಲ ಎಂದರು ಡಾಕ್ಟರು. ಅವರ ಅಭಿಪ್ರಾಯ ಅವರಿಗೆ. ಗಂಡ ಒಂದು ವಾರ ನನ್ನನ್ನು ನೋಡಿ, ಕಣ್ಣಿನ ಡಾಕ್ಟರು ಒಳ್ಳೆಯವರು, ತಮ್ಮ ಕಣ್ಣನ್ನೂ ಒಮ್ಮೆ ತೋರಿಸಬೇಕು ಎಂದರು.

ಎರಡು ತಿಂಗಳ ಮೇಲೆ ಸುಂಟಿಕೊಪ್ಪದಲ್ಲಿ ಒಂದು ಮದುವೆ. ಮತ್ತೆ ಅದೇ ಸಾಲು. ನನ್ನ ಮುಖ ಆಗ ಅತ್ಯುತ್ತಮ ಸ್ಥಿತಿಯಲ್ಲಿತ್ತು. ಮದುಮಕ್ಕಳನ್ನು ಕರೆತಂದ ಸಂಬಂಧಿ ಅಕ್ಕನನ್ನು ತೋರಿಸಿ ‘ಮೊದ್ಲು ಇವರು’ ಎಂದರು. ಅಕ್ಕ ಸೆರಗು ಸರಿಮಾಡಿಕೊಂಡಳು. ನಗುವುದಕ್ಕೆ ತಯಾರಾದಳು. ಅವಳ ಕುತ್ತಿಗೆಯ ನರ ಎದ್ದು ನಿಂತದ್ದು ನನಗೆ ಕಂಡಿತು.

ನಾನು ಒಂದು ಹೆಜ್ಜೆ ಮುಂದೆ ಬಂದು ಅವಳಿಗೆ ಅಡ್ಡವಾಗಿ ನಿಂತೆ. ‘ಮೊದ್ಲು ಇಲ್ಲಿ’ ಎಂದೆ.

‘ಅವರಲ್ವಾ ದೊಡ್ಡವರು?’ ಎಂದರು ಸಂಬಂಧಿ.

‘ನಾನೇ ದೊಡ್ಡವಳು’ ಎಂದೆ.

ಮದುಮಗಳು ನನ್ನ ಮುಖ ನೋಡಿದಳು. ನನ್ನ ಮುಖ ನನ್ನ ಮಾತಿಗೆ ಯಾವ ಸಹಾಯವನ್ನೂ ಮಾಡಲಿಲ್ಲ. ಎಡಗಡೆಯ ಎರಡು ಗೆರೆ ಕಾಣಲಿ ಎಂದು ಸ್ವಲ್ಪ ಬಲಕ್ಕೆ ತಿರುಗಿದೆ. ಹಿಂದಿನಿಂದ ಅಕ್ಕ ‘ಹೌದು, ಅವಳೇ’ ಎಂದಳು. ಮದುಮಕ್ಕಳು ಬಗ್ಗಿದರು. ಅವರು ಮೂರನೇ ಸಲ ಮುಟ್ಟುವಾಗ ಅಕ್ಕ ಉಸಿರು ಬಿಟ್ಟದ್ದು ನನ್ನ ಬೆನ್ನಿಗೆ ತಾಗಿತು.

ನಾಲ್ಕು ತಿಂಗಳಾಗುವಾಗ ಕ್ಲಿನಿಕ್‌ನಿಂದ ನರ್ಸ್ ಫೋನ್ ಮಾಡಿದಳು. ಮದ್ದಿನ ಬಲ ಇಳಿಯುವ ಸಮಯ, ಎರಡನೇ ಸಲಕ್ಕೆ ಯಾವಾಗ ಬರುತ್ತೀರಿ ಎಂದು. ಬೇಡ ಎಂದೆ.

‘ಯಾಕೆ ಮೇಡಂ, ಚೆನ್ನಾಗಿ ಬಂದಿತ್ತಲ್ಲ?’

‘ಬರೋ ತಿಂಗಳು ನಮ್ಮಲ್ಲಿ ಮದುವೆ ಉಂಟು’ ಎಂದೆ.

‘ಹಂಗಾದ್ರೆ ಈಗ್ಲೇ ಹಾಕಿಸ್ಬೇಕಲ್ವಾ?’

‘ಇಲ್ಲ’ ಎಂದೆ. ‘ಈ ಸಲವೂ ಸಾಲಲ್ಲಿ ಅಕ್ಕನಿಗಿಂತ ಮೊದಲು ನಿಲ್ಲಬೇಕು, ಗೆರೆ ಬೇಕು.’