ಅವರು ಒಡ್ಡಿದ ಟವಲ್ಲು

ನಮ್ಮ ಯಜಮಾನರು ತೀರಿಕೊಂಡಾಗ ಮಗಳು ಇನ್ನೂ ತೊದಲು ಮಾತಾಡುತ್ತಿದ್ದಳು. ಅವಳು ನನ್ನ ಹೊಟ್ಟೆಯಲ್ಲಿ ಹುಟ್ಟಿದವಳಲ್ಲ, ಯಜಮಾನರ ತಂಗಿಯ ಮೂರನೆಯ ಮಗು. ನಮಗೆ ಮಕ್ಕಳಾಗಲಿಲ್ಲವೆಂದು ನಾದಿನಿ ಬಸುರಿಯಿದ್ದಾಗಲೇ ಮಾತು ಕೊಟ್ಟಿದ್ದಳು. ಮಗುವಿಗೆ ಕತ್ತು ನಿಂತ ಮೇಲೆ ಗಂಡ ಹೆಂಡತಿ ಸೂಲಿಬೆಲೆಗೆ, ನಮ್ಮ ಮನೆಗೇ ಬಂದು, ದೇವರ ದೀಪದ ಮುಂದೆ ಕೊಟ್ಟರು. ನೆಂಟರಿಗೆಲ್ಲ ಊಟ ಹಾಕಿದೆವು.

ದತ್ತು ಪತ್ರ ನೋಂದಣಿ ಮಾಡಿಸಿ ಎಂದು ಆಗಲೇ ಯಾರೋ ಹೇಳಿದ್ದರು. "ಒಡಹುಟ್ಟಿದೋಳು ಮಗು ಕೊಟ್ಟವ್ಳೆ. ಅವಳ ಹತ್ರ ಸೈನ್ ಹಾಕಿಸ್ಕೊಂಡ್ರೆ ಚೆನ್ನಾಗಿರ್ತದಾ?" ಎಂದು ಯಜಮಾನರು ಸುಮ್ಮನಾದರು. ನನಗೂ ಅದು ಸರಿಯೆನಿಸಿತು.

ಶಾಲೆಗೆ ಸೇರಿಸುವ ವಯಸ್ಸಾದಾಗ ಜನನ ಪ್ರಮಾಣಪತ್ರದಲ್ಲಿ ನಾದಿನಿಯ, ಅವಳ ಗಂಡನ ಹೆಸರೇ ಇತ್ತು. ಹೊಸಕೋಟೆಯ ವಕೀಲರು ಸುಲಭದ ದಾರಿ ಹೇಳಿದರು.

"ಈಗ ನೀವೊಬ್ರೇ ದತ್ತು ತಗೊಂಡಂಗೆ ಪತ್ರ ಮಾಡ್ಸೋಣ ಅಮ್ಮ. ಬೇಗ ಆಗ್ಬಿಡುತ್ತೆ. ತಂದೆ ಅಂತ ನಿಮ್ಮ ಯಜಮಾನ್ರ ಹೆಸರು ಬರಲ್ಲ, ಅಷ್ಟೇ."

"ಒಂದ್ಸಲ ಕೊಟ್ಟ ಮಗೂನ ಇನ್ನೊಂದ್ಸಲ ಹೆಂಗೆ ಕೊಡ್ತಾರೆ ಸಾರ್? ನಮ್ಮ ಯಜಮಾನ್ರೇ ತಗೊಂಡಿದ್ದು."

"ಹಂಗಾದ್ರೆ ಮಗೂನ ಅವ್ರೇ ಕೈಯಾರೆ ತಗೊಂಡ್ರು ಅಂತ ಕೋರ್ಟಲ್ಲಿ ಸಾಬೀತು ಮಾಡಬೇಕು. ಫೋಟೋ ಐತಾ?"

ಬೇಕಾದಷ್ಟಿದ್ದವು. ಎಲ್ಲದರಲ್ಲೂ ಮಗು ನನ್ನ ಮಡಿಲಲ್ಲಿತ್ತು. ಯಜಮಾನರು ಒಂದರಲ್ಲೂ ಇರಲಿಲ್ಲ, ಫೋನು ಹಿಡಿದು ತೆಗೆದವರು ಅವರೇ.

ವಿಚಾರಣೆಯ ದಿನ ಸರ್ಕಾರದ ಕಡೆಯ ವಕೀಲರು ಆ ಫೋಟೋ ತೋರಿಸಿ ನಾದಿನಿಯನ್ನು ಕೇಳಿದರು. "ಇದರಲ್ಲಿ ನಿಮ್ಮ ಅಣ್ಣ ಎಲ್ಲಿ? ನೀವು ಕೊಟ್ಟಿದ್ದು ಅತ್ತಿಗೆಗೆ ತಾನೇ?"

"ಇಲ್ಲ ಸಾರ್. ಅತ್ತಿಗೆ ಸೆರಗು ಹಿಡಿದು ಕೂತಿದ್ರು. ಅಣ್ಣ ಎಲ್ಲಿದ್ನೋ ಬಂದು ಮುಂದೆ ಕೂತು ಹೆಗಲ ಮೇಲಿನ ಟವಲ್ ಒಡ್ಡಿಬಿಟ್ಟ. ಅದರಾಗೆ ಹಾಕಿದ್ವಿ. ಆಮೇಲೆ ಅವನೇ ಎತ್ತಿ ಅತ್ತಿಗೆ ಮಡಿಲಿಗೆ ಕೊಟ್ಟ."

ಹೊರಗೆ ಕಾದಿದ್ದ ಯಜಮಾನರ ದೊಡ್ಡಮ್ಮನನ್ನು ಕರೆದರು. ಒಳಗೆ ಏನು ನಡೆಯಿತೆಂದು ಆಕೆಗೆ ಗೊತ್ತಿರಲಿಲ್ಲ. ಮಗುವನ್ನು ಯಾರು ತೆಗೆದುಕೊಂಡರು ಎಂದದ್ದಕ್ಕೆ ಆಕೆ ಕಟಕಟೆಯಲ್ಲೇ ನಕ್ಕುಬಿಟ್ಟರು.

"ಅವನೇ ಸ್ವಾಮಿ. ಮಡಿಲಕ್ಕಿ ಇಸ್ಕೊಳ್ಳೋ ಹೆಂಗಸಿನಂಗೆ ಟವಲ್ ಹಿಡ್ಕೊಂಡು ಕೂತಿದ್ದ. 'ಲೇ, ಗಂಡಸಿಗೆಲ್ಲಿ ಬಂತೋ ಮಡಿಲು' ಅಂತ ನಾನೇ ಆಡ್ಕೊಂಡೆ. 'ಇವತ್ತು ಬಂತು ಕಣ್ ದೊಡ್ಡಮ್ಮ, ಸುಮ್ಕಿರು' ಅಂದ."

ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು. ನ್ಯಾಯಾಧೀಶರು ಅದನ್ನು ಹಾಗೇ ಬರೆಸಿದರು. ಬೆರಳಚ್ಚು ಮಾಡುವ ಸದ್ದು ಕೇಳುತ್ತ ನಾನು ಕೂತಿದ್ದೆ. ಆ ದಿನ ನನ್ನ ಕಣ್ಣು ಮಗುವಿನ ಮೇಲೆಯೇ ಇತ್ತು. ಅವರು ಹೇಗೆ ಕೂತಿದ್ದರೆಂದು ನಾನು ಸರಿಯಾಗಿ ನೋಡಿದ್ದು ಅವರು ಹೋದ ಮೇಲೆ, ಆ ಇಬ್ಬರ ಮಾತಿನಲ್ಲಿ.

ಆದೇಶ ನಮ್ಮ ಪರವಾಗಿ ಬಂತು. ಅದನ್ನು ಜನನ ನೋಂದಣಿ ಕಚೇರಿಗೆ ಕೊಟ್ಟು, ಕೆಲವು ಸಲ ಅಲೆದು, ಹೊಸ ಜನನ ಪ್ರಮಾಣಪತ್ರ ಪಡೆದೆ.

ಅವರು ಹೋದ ಮೇಲೆ ನನ್ನ ಕೈಗೆ ಬಂದ ಕಾಗದಗಳಲ್ಲೆಲ್ಲ, ಜಮೀನಿನದಿರಲಿ ಬ್ಯಾಂಕಿನದಿರಲಿ, ಅವರ ಹೆಸರಿನ ಹಿಂದೆ ದಿವಂಗತ ಎಂದಿರುತ್ತದೆ. ಓದದೆ ಮಡಚಿಡುವುದು ರೂಢಿಯಾಗಿದೆ. ಇದನ್ನು ಮಾತ್ರ ಕಚೇರಿಯ ಮೆಟ್ಟಿಲ ಮೇಲೆ ಕೂತು ಓದಿದೆ. ತಂದೆಯ ಹೆಸರು ಎಂಬಲ್ಲಿ ಬರೀ ಅವರ ಹೆಸರಿತ್ತು. ಮಗಳು ಹುಟ್ಟಿದ ದಿನ ಅವರು ಬದುಕಿದ್ದರಲ್ಲ.